ಒಣಗದ ಕಿವಿ

ಮಕ್ಕಳೇ, ಈ ವಾರ ಒಬ್ಬ ಅಜ್ಜಿ ಬರೆದ ಕಾಗದದಿಂದ ಶುರು ಮಾಡುತ್ತೇನೆ. ಕಾಗದ ಚಿಕ್ಕದು, ಅಕ್ಷರ ದುಂಡಗೆ. ‘ಡಾಕ್ಟರೇ, ಮಳೆಗಾಲ ಬಂತೆಂದರೆ ನನ್ನ ಮೊಮ್ಮಗನ ಕಿವಿ ಸೋರುತ್ತದೆ. ನಮ್ಮ ಕಾಲದಲ್ಲಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ, ಆರಿದ ಮೇಲೆ ಎರಡು ಹನಿ ಬಿಡುತ್ತಿದ್ದೆವು. ಈಗ ಸೊಸೆ ಬೇಡ ಎನ್ನುತ್ತಾಳೆ. ಯಾರು ಸರಿ, ನೀವೇ ಹೇಳಿ.’

ಸೊಸೆಯೇ ಸರಿ. ಅಜ್ಜಿ ಬೇಸರ ಮಾಡಿಕೊಳ್ಳಬಾರದು. ಸೋರುವ ಕಿವಿಯೆಂದರೆ ಒಳಗಿನ ತಮಟೆಯಲ್ಲಿ ತೂತು ಬಿದ್ದಿರಬಹುದು. ನೀವು ಬಿಟ್ಟ ಎಣ್ಣೆ ಆ ತೂತಿನಿಂದ ಒಳಗಿಳಿದು ಅಲ್ಲೇ ಕೂರುತ್ತದೆ. ಬೆಳ್ಳುಳ್ಳಿ ಒಗ್ಗರಣೆಗೆ ಇರಲಿ. ಮೊಮ್ಮಗನನ್ನು ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು ದಿನ ಔಷಧಿ ಹಾಕಿ, ಸ್ನಾನದಲ್ಲಿ ಕಿವಿಗೆ ನೀರು ಹೋಗದ ಹಾಗೆ ನೋಡಿಕೊಳ್ಳಿ. ಹೆಚ್ಚಿನ ಮಕ್ಕಳ ಕಿವಿ ಇಷ್ಟಕ್ಕೇ ಒಣಗುತ್ತದೆ.

ಒಣಗದಿದ್ದರೆ? ಆ ಕಾಗದ ಓದುವಾಗ ನನಗೆ ಇನ್ನೊಬ್ಬ ಅಜ್ಜಿಯ ನೆನಪಾಯಿತು, ಅವರು ಸುರುಳಿ ಸುತ್ತಿ ತಂದಿದ್ದ ಗೋಡೆ ಕ್ಯಾಲೆಂಡರಿನ ನೆನಪೂ ಆಯಿತು. ಅದು ನಾನು ತಪ್ಪು ಮಾಡಿದ ಕಥೆ. ಡಾಕ್ಟರುಗಳು ತಪ್ಪು ಮಾಡಿದ್ದನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ನಾನು ನಿವೃತ್ತನಾಗಿ ಆಯಿತಲ್ಲ, ಹೇಳಬಹುದು.

ಅದಕ್ಕೂ ಮೊದಲು ಕಿವಿಯೊಳಗೆ ಒಂದು ಸುತ್ತು ಹೋಗಿಬರೋಣ.

ಹೊರಗೆ ಕಾಣುವ ಕಿವಿ ಬರೀ ಬಾಗಿಲು. ಅದರ ಹಿಂದೆ ಸಣ್ಣ ಓಣಿ. ಓಣಿಯ ಕೊನೆಯಲ್ಲಿ ಬಿಗಿದ ತೆಳು ಪೊರೆ, ಅದೇ ತಮಟೆ. ತಮಟೆಯ ಹಿಂದೆ ಒಂದು ಪುಟ್ಟ ಕೋಣೆ. ಅಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಮೂರು ಮೂಳೆಗಳಿವೆ. ಒಂದು ಸುತ್ತಿಗೆಯ ಹಾಗೆ, ಒಂದು ಕಮ್ಮಾರನ ಅಡಿಗಲ್ಲಿನ ಹಾಗೆ, ಮೂರನೆಯದು ರಿಕಾಪಿನ ಹಾಗೆ. ರಿಕಾಪು ಅಂದರೆ ಕುದುರೆ ಸವಾರ ಕಾಲಿಡುವ ಬಳೆ, ಅಜ್ಜನನ್ನು ಕೇಳಿ, ಹೇಳುತ್ತಾರೆ. ಈ ರಿಕಾಪು ಮೂಳೆ ಸುಮಾರು 3 ಮಿಲಿಮೀಟರ್ ಉದ್ದ, ಅಕ್ಕಿಕಾಳಿನ ಅರ್ಧ. ನಮ್ಮ ಮೈಯಲ್ಲಿ ಇದಕ್ಕಿಂತ ಚಿಕ್ಕ ಮೂಳೆ ಇಲ್ಲ.

ಆ ಕೋಣೆಯಿಂದ ಮೂಗಿನ ಹಿಂಬದಿಗೆ ಒಂದು ಕೊಳವೆ ಇಳಿಯುತ್ತದೆ. ದೊಡ್ಡವರಲ್ಲಿ ಅದು ಉದ್ದ, ಇಳಿಜಾರು. ನಿಮ್ಮಲ್ಲಿ ಗಿಡ್ಡ, ಹೆಚ್ಚುಕಡಿಮೆ ಮಟ್ಟಸ. ಅದಕ್ಕೇ ಚಿಕ್ಕವರ ನೆಗಡಿ ಮೂಗಿನಿಂದ ಕಿವಿಗೆ ಸಲೀಸಾಗಿ ನಡೆದು ಹೋಗುತ್ತದೆ. ಕೋಣೆಯಲ್ಲಿ ಕೀವು ತುಂಬಿ, ತಮಟೆ ಬಿರಿದು, ಬೆಳಿಗ್ಗೆ ದಿಂಬು ಒದ್ದೆ. ಇದು ಮನೆಮನೆಯ ಕಥೆ, ಹೆದರುವಂಥದ್ದಲ್ಲ.

ಈಗ ಕಿವಿಯ ಹಿಂದೆ ಬೆರಳಿಟ್ಟು ನೋಡಿ. ಗಟ್ಟಿಯಾದ ಉಬ್ಬು ಸಿಗುತ್ತದಲ್ಲ? ಅದರ ಹೆಸರು ಮ್ಯಾಸ್ಟಾಯ್ಡ್. ಮೇಲೆ ಗಟ್ಟಿ, ಒಳಗೆ ಮಾತ್ರ ಜೇನುಗೂಡಿನ ಹಾಗೆ ಗಾಳಿ ತುಂಬಿದ ಗೂಡುಗಳು. ಅದರಿಂದ ಇನ್ನೂ ಒಳಕ್ಕೆ ಹೋದರೆ ಕಲ್ಲಿನಂಥ ಮೂಳೆ, ಅದರೊಳಗೆ ನಿಜವಾದ ಕೇಳುವ ಯಂತ್ರ ಭದ್ರವಾಗಿದೆ. ಎಷ್ಟು ಭದ್ರ ಎಂದರೆ, ಸಾವಿರಾರು ವರ್ಷ ಮಣ್ಣಲ್ಲಿ ಹೂತಿದ್ದ ಅಸ್ಥಿಪಂಜರದಿಂದ ಡಿಎನ್‌ಎ ತೆಗೆಯಬೇಕಾದರೆ ವಿಜ್ಞಾನಿಗಳು ಮೊದಲು ಹುಡುಕುವುದು ಈ ಮೂಳೆಯನ್ನೇ.

ಇಷ್ಟು ಗೊತ್ತಿದ್ದರೆ ಸಾಕು. ಕಥೆಗೆ ಬರೋಣ.

ಹನ್ನೊಂದು ವರ್ಷದ ಹಿಂದಿನ ಮಾತು. ಮಲೆನಾಡಿನ ಅಂಚಿನ ತಾಲ್ಲೂಕು ಊರಿನಲ್ಲಿ ನಾನು ಮಕ್ಕಳ ಡಾಕ್ಟರಾಗಿದ್ದೆ. ಒಬ್ಬ ಅಮ್ಮ ಮೂರು ವರ್ಷದ ಮಗಳನ್ನು ಕರೆತಂದರು. ಹುಡುಗಿ ಈಗ ದೊಡ್ಡವಳಾಗಿದ್ದಾಳೆ, ಈ ಪತ್ರಿಕೆಯನ್ನೂ ಓದುತ್ತಾಳೆ. ಬರೆಯಲೇ ಎಂದು ಕೇಳಿದೆ. ‘ಬರೀರಿ, ಹೆಸರು ಮಾತ್ರ ಬೇಡ’ ಎಂದಳು. ಚಿನ್ನು ಎಂದುಕೊಳ್ಳೋಣ.

ಚಿನ್ನುವಿನ ಎಡಗಿವಿ ಸೋರುತ್ತಿತ್ತು. ಜ್ವರ ಇಲ್ಲ, ಅಂಥ ನೋವೂ ಇಲ್ಲ. ಆ್ಯಂಟಿಬಯೋಟಿಕ್ ಸಿರಪ್ಪು, ಕಿವಿಗೆ ಹನಿ ಬರೆದುಕೊಟ್ಟೆ. ವಾರದಲ್ಲಿ ವಾಸನೆ ಹೋಯಿತು, ಸೋರುವುದು ಕಡಿಮೆಯಾಯಿತು. ಹದಿನೈದು ದಿನಕ್ಕೆ ಮತ್ತೆ ಶುರು. ಬೇರೆ ಆ್ಯಂಟಿಬಯೋಟಿಕ್ ಕೊಟ್ಟೆ. ಮತ್ತೆ ಕಡಿಮೆ, ಮತ್ತೆ ಶುರು. ಮೂರನೇ ಸಲವೂ ಹಾಗೇ. ಕೀವು ತುಂಬಿದ್ದರಿಂದ ತಮಟೆ ಕಾಣುತ್ತಿರಲಿಲ್ಲ. ಒರೆಸಿ ನೋಡೋಣವೆಂದರೆ ಚಿನ್ನು ಆಸ್ಪತ್ರೆ ಸೂರು ಹಾರುವ ಹಾಗೆ ಕೂಗುತ್ತಿದ್ದಳು. ಹೊರಗೆ ಬೆಂಚಿನ ತುಂಬ ಜನ. ‘ನೆಗಡಿ ಕಾಲ, ಸರಿಹೋಗುತ್ತೆ’ ಎಂದು ಕಳಿಸಿದೆ. ಮೂರು ತಿಂಗಳು ಹೀಗೇ ಕಳೆಯಿತು.

ನಾಲ್ಕನೇ ಸಲ ಅಮ್ಮನ ಜೊತೆ ಅಜ್ಜಿ ಬಂದರು. ಕಂಕುಳಲ್ಲಿ ಸುರುಳಿ ಸುತ್ತಿದ ಕ್ಯಾಲೆಂಡರು. ಪಂಚಾಂಗ, ಹಬ್ಬ, ಏಕಾದಶಿ ಎಲ್ಲ ಇರುತ್ತದಲ್ಲ, ಅಂಥದು. ಮೇಜಿನ ಮೇಲೆ ಬಿಡಿಸಿದರು. ತಾರೀಕಿನ ಚೌಕದಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ. ಅದರ ಪಕ್ಕ ಕೆಂಪು ಶಾಯಿಯ ಚುಕ್ಕೆಗಳು.

‘ಬೆಳಿಗ್ಗೆ ದಿಂಬು ಒದ್ದೆ ಇದ್ದ ದಿನ ಒಂದು ಚುಕ್ಕೆ ಇಟ್ಟಿದೀನಿ’ ಎಂದರು. ‘ನೀವು ಕೊಟ್ಟ ಔಷಧಿ ತಪ್ಪು ಅಂತ ನಾನು ಹೇಳ್ತಾ ಇಲ್ಲ ಡಾಕ್ಟ್ರೇ. ಚುಕ್ಕೆ ನೋಡಿ ಅಷ್ಟೇ.’

ನೋಡಿದೆ. ಔಷಧಿ ನಡೆಯುತ್ತಿದ್ದ ದಿನಗಳಲ್ಲಿ ಚುಕ್ಕೆ ವಿರಳ, ನಿಂತ ಮೇಲೆ ದಟ್ಟ. ಮೂರು ತಿಂಗಳಲ್ಲಿ ಒಂದು ವಾರವೂ ಪೂರ್ತಿ ಖಾಲಿ ಇರಲಿಲ್ಲ. ನಾನು ಪ್ರತಿ ಸಲ ‘ವಾಸಿಯಾಯಿತು, ಮತ್ತೆ ಬಂತು’ ಎಂದು ಬರೆದುಕೊಂಡಿದ್ದೆ. ಅಜ್ಜಿಯ ಲೆಕ್ಕದ ಪ್ರಕಾರ ಅದು ಹೋಗಿಯೇ ಇರಲಿಲ್ಲ.

‘ಇನ್ನೊಂದು’ ಎಂದರು ಅಜ್ಜಿ. ‘ಜುಟ್ಟು ಕಟ್ಟುವಾಗ ಗೊತ್ತಾಗತ್ತೆ, ಈ ಕಿವಿ ಸ್ವಲ್ಪ ಮುಂದಕ್ಕೆ ಬಂದ ಹಾಗಿದೆ. ನೆತ್ತಿಯಲ್ಲಿ ಹೊಟ್ಟೂ ಹೋಗ್ತಿಲ್ಲ. ಎಣ್ಣೆ ಹಚ್ಚಿದೆ, ಸೀಗೆಕಾಯಿ ಹಾಕಿದೆ. ಊಹೂಂ.’

ಹಿಂದಿನಿಂದ ನೋಡಿದೆ. ಎಡಗಿವಿಯ ಹಿಂದೆ ಮೆತ್ತನೆಯ ಊತ ಕಿವಿಯನ್ನು ಮುಂದಕ್ಕೆ ತಳ್ಳಿತ್ತು. ಕೂದಲು ಸರಿಸಿದರೆ ನೆತ್ತಿಯಲ್ಲಿ ಹೊಟ್ಟಿನ ಜೊತೆ ಕಂದುಗೆಂಪು ಗುಳ್ಳೆಗಳು. ಮೂರು ಸಲವೂ ನಾನು ಮಗುವನ್ನು ಎದುರಿಗೆ ಕೂರಿಸಿಕೊಂಡೇ ನೋಡಿದ್ದೆ.

ಅವತ್ತೇ ಜಿಲ್ಲಾ ಕೇಂದ್ರದ ಕಿವಿ ತಜ್ಞರಲ್ಲಿಗೆ ಕಳಿಸಿದೆ. ಆಗಲೂ ನನ್ನ ಮನಸ್ಸಿನಲ್ಲಿದ್ದದ್ದು ಸೋಂಕೇ. ಮ್ಯಾಸ್ಟಾಯ್ಡ್‌ನ ಜೇನುಗೂಡಿಗೆ ಕೀವು ಹೊಕ್ಕಿದೆ ಎಂದುಕೊಂಡಿದ್ದೆ. ಹಾಗಾಗುವುದುಂಟು, ಅದಕ್ಕೂ ತಡಮಾಡಬಾರದು. ಅವರು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಕಿವಿಯ ಸುತ್ತಲಿನ ಮೂಳೆ ಗೆದ್ದಲು ತಿಂದ ಬಾಗಿಲು ಚೌಕಟ್ಟಿನ ಹಾಗೆ ಕಂಡಿತು. ಒಂದು ಕಡೆ ದುಂಡಗೆ ಪೂರಾ ಖಾಲಿ, ಪಕ್ಕದಲ್ಲೇ ನೆಟ್ಟಗಿನ ಮೂಳೆ. ಓಣಿಯ ಗೋಡೆಯೂ ಒಂದು ಕಡೆ ಕರಗಿತ್ತು. ಅರಿವಳಿಕೆ ಕೊಟ್ಟು ಒಳಗೆ ನೋಡಿದಾಗ ಸಿಕ್ಕಿದ್ದು ಕೀವಲ್ಲ, ಮೆದುವಾದ ಕೆಂಪು ಮಾಂಸದಂಥದ್ದು. ಆ ತಜ್ಞರು ಮಾಡಿದ ಒಳ್ಳೆಯ ಕೆಲಸ ಎಂದರೆ ಅದನ್ನು ಕೆರೆದು ಬಿಸಾಡಲಿಲ್ಲ. ಒಂದು ತುಣುಕನ್ನು ಸೀಸೆಗೆ ಹಾಕಿ ಪರೀಕ್ಷೆಗೆ ಕಳಿಸಿದರು. ಇದಕ್ಕೆ ಬಯಾಪ್ಸಿ ಎನ್ನುತ್ತಾರೆ.

ಹತ್ತು ದಿನದ ಮೇಲೆ ಫೋನು ಬಂತು. ‘ಸಾರ್, ಇದು ಸೋಂಕಲ್ಲ.’

ಅವರು ಹೇಳಿದ ಹೆಸರು ಉದ್ದ. ರೈಲಿನ ಡಬ್ಬಿಗಳ ಹಾಗೆ ಬಿಡಿಸಿ ಓದಿ: ಲ್ಯಾಂಗರ್‌ಹಾನ್ಸ್, ಸೆಲ್, ಹಿಸ್ಟಿಯೊಸೈಟೋಸಿಸ್. ಚಿಕ್ಕದಾಗಿ ಎಲ್‌ಸಿಎಚ್. ಅಪರೂಪದ್ದು, 10 ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 4–5 ಮಂದಿಗೆ ಬರುತ್ತದೆ. ಅವರಲ್ಲೂ ಎಲ್ಲರಿಗೂ ಕಿವಿಯಲ್ಲಿ ಬರುವುದಿಲ್ಲ. ಪಠ್ಯಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಎದುರಿಗೆ ಜುಟ್ಟು ಕಟ್ಟಿಕೊಂಡು ಕೂತಾಗ ಗುರುತು ಹಿಡಿಯಲಿಲ್ಲ.

ಏನಿದು? ನಮ್ಮ ಚರ್ಮದಲ್ಲಿ ಕಾವಲುಗಾರ ಜೀವಕೋಶಗಳಿವೆ. ಹೊರಗಿನ ರೋಗಾಣು ಒಳನುಗ್ಗಿದರೆ ಅದರ ಚೂರು ಹಿಡಿದು ಒಳಗಿನ ಪಡೆಗೆ ತೋರಿಸುವುದು ಇವುಗಳ ಕೆಲಸ. ಈ ಕಾವಲುಗಾರರನ್ನೇ ಹೋಲುವ ಕೋಶಗಳು ಕೆಲವು ಮಕ್ಕಳಲ್ಲಿ ಲೆಕ್ಕ ತಪ್ಪಿ ಹೆಚ್ಚುತ್ತವೆ. ಮೂಳೆಯಲ್ಲೋ ಚರ್ಮದಲ್ಲೋ ಗುಂಪು ಕೂಡುತ್ತವೆ, ಬೇರೆ ಬಿಳಿ ರಕ್ತಕಣಗಳನ್ನೂ ಕರೆದು ಕೂರಿಸಿಕೊಳ್ಳುತ್ತವೆ. ಕೂತ ಜಾಗದ ಮೂಳೆ ಕರಗುತ್ತದೆ. ಕಿವಿಯ ಮೂಳೆಯಲ್ಲಿ ಹೀಗಾದರೆ ಓಣಿಯ ಗೋಡೆ ಒಡೆದು, ಒಳಗಿನ ಕೆಂಪು ಅಂಗಾಂಶ ಓಣಿಗೆ ಇಣುಕುತ್ತದೆ, ರಸ ಸೋರುತ್ತದೆ. ಸೋರಿದ ಕಡೆ ಸಾಮಾನ್ಯ ರೋಗಾಣುಗಳೂ ಬಂದು ಸೇರುತ್ತವೆ. ಆ್ಯಂಟಿಬಯೋಟಿಕ್ ಕೊಟ್ಟರೆ ಆ ರೋಗಾಣು ಸಾಯುತ್ತವೆ, ವಾಸನೆ ಹೋಗುತ್ತದೆ, ಡಾಕ್ಟರು ಖುಷಿಪಡುತ್ತಾರೆ. ಮೂಳೆಯೊಳಗಿನದು ಹಾಗೇ ಇರುತ್ತದೆ. ನಾನು ಮೋಸಹೋದದ್ದು ಇಲ್ಲಿ. ಔಷಧಿ ಒಂದಿಷ್ಟೂ ಕೆಲಸ ಮಾಡದಿದ್ದರೆ ಬೇಗ ಎಚ್ಚರವಾಗುತ್ತಿತ್ತೇನೋ. ಅದು ಅರ್ಧ ಕೆಲಸ ಮಾಡುತ್ತಿತ್ತು.

ಮೋಸಹೋದವನು ನಾನೊಬ್ಬನೇ ಅಲ್ಲ ಎಂಬುದು ಒಂದು ಸಮಾಧಾನ. 1893ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಆಲ್‌ಫ್ರೆಡ್ ಹ್ಯಾಂಡ್ ಎಂಬ ವೈದ್ಯ ಮೂರು ವರ್ಷದ ಹುಡುಗನೊಬ್ಬನ ಬಗ್ಗೆ ಬರೆದ. ಹುಡುಗನಿಗೆ ವಿಪರೀತ ಬಾಯಾರಿಕೆ, ಪದೇಪದೇ ಮೂತ್ರ, ಕಣ್ಣು ಮುಂದಕ್ಕೆ ಬಂದಿತ್ತು, ತಲೆಬುರುಡೆಯಲ್ಲಿ ತೂತು. ಕ್ಷಯವಿರಬೇಕು ಎಂದುಕೊಂಡ. ಅಂದರೆ ಅವನೂ ಸೋಂಕು ಎಂದೇ ತಿಳಿದ. ಇಪ್ಪತ್ತೆಂಟು ವರ್ಷದ ಮೇಲೆ, 1921ರಲ್ಲಿ, ಅದೇ ವೈದ್ಯ ಮತ್ತೆ ಅದೇ ವಿಷಯ ಎತ್ತಿಕೊಂಡು ಬರೆದ. ಈ ಸಲ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ತೊಂದರೆಯೇ ಎಂದು ಕೇಳಿದ. ನನಗೆ ಈ ಮನುಷ್ಯನನ್ನು ಕಂಡರೆ ಇಷ್ಟ.

ಮುಂದೆ ಇದನ್ನು ಮೂರು ಬೇರೆಬೇರೆ ಕಾಯಿಲೆ ಎಂದು ತಿಳಿದು ಮೂರು ಹೆಸರಿಟ್ಟರು. 1953ರಲ್ಲಿ ಮೂರೂ ಒಂದೇ ಕುಟುಂಬ ಎಂದು ಗೊತ್ತಾಯಿತು. ಕಾರಣ ಮಾತ್ರ ತಿಳಿಯಲಿಲ್ಲ. ಬೀಜಗಣಿತದಲ್ಲಿ ಗೊತ್ತಿಲ್ಲದ್ದಕ್ಕೆ ಏನು ಬರೆಯುತ್ತೀರಿ? ಎಕ್ಸ್. ಇದಕ್ಕೂ ‘ಹಿಸ್ಟಿಯೊಸೈಟೋಸಿಸ್ ಎಕ್ಸ್’ ಎಂದೇ ಹೆಸರಾಯಿತು!

ಎಕ್ಸ್ ಬಿಡಿಸಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. 1961ರಲ್ಲಿ ಮೈಕೇಲ್ ಬಿರ್ಬೆಕ್ ಮತ್ತು ಜೊತೆಯವರು ಚರ್ಮದ ಕಾವಲುಗಾರ ಕೋಶದೊಳಗೆ ಟೆನಿಸ್ ರಾಕೆಟ್ಟಿನ ಆಕಾರದ ಕಣಗಳನ್ನು ಕಂಡರು. 1973ರಲ್ಲಿ ಫ್ರಾನ್ಸಿನ ನೆಜೆಲೋಫ್ ಮತ್ತು ಸಂಗಡಿಗರು ಎಕ್ಸ್ ಕಾಯಿಲೆಯ ಕೋಶಗಳಲ್ಲೂ ಅದೇ ರಾಕೆಟ್ಟುಗಳಿವೆ ಎಂದು ತೋರಿಸಿದರು. ಆ ಕೋಶಗಳಿಗೆ ಮೊದಲೇ ಲ್ಯಾಂಗರ್‌ಹಾನ್ಸ್ ಎಂಬ ಹೆಸರಿತ್ತು, ಅದೇ ಕಾಯಿಲೆಗೂ ಬಂತು. ಈಚೆಗೆ, 2010ರಲ್ಲಿ, ಅರ್ಧಕ್ಕೂ ಹೆಚ್ಚು ರೋಗಿಗಳ ಆ ಕೋಶಗಳಲ್ಲಿ ‘ಬಿ-ರಾಫ್’ ಎಂಬ ಜೀನು ಬದಲಾಗಿರುವುದು ಸಿಕ್ಕಿತು. ಬೆಳೆ ಎನ್ನುವ ಸ್ವಿಚ್ಚು ಒತ್ತಿದಲ್ಲೇ ಸಿಕ್ಕಿಹಾಕಿಕೊಂಡಂತೆ. ಕ್ಯಾನ್ಸರೋ ಅಲ್ಲವೋ ಎಂದು ಬಹಳ ಕಾಲ ವಾದ ನಡೆದಿತ್ತು, ಈಗ ಅದರ ಗುಂಪಿನಲ್ಲೇ ಸೇರಿಸುತ್ತಾರೆ. ಆ ಪದ ಕೇಳಿ ಅಜ್ಜ ಅಜ್ಜಿಯರು ಎದೆ ಒಡೆದುಕೊಳ್ಳಬೇಡಿ. ಕೆಲವು ಮಕ್ಕಳಲ್ಲಿ ಇದು ತಾನಾಗಿಯೇ ಮಾಯುವುದೂ ಉಂಟು. ಮೂಳೆಯಲ್ಲಷ್ಟೇ ಇದ್ದರೆ ಬಹುಪಾಲು ಮಕ್ಕಳು ಗುಣವಾಗುತ್ತಾರೆ. ಲಿವರು, ರಕ್ತ ಹುಟ್ಟುವ ಮಜ್ಜೆ ಇವುಗಳಿಗೆ ಹಬ್ಬಿದರೆ ಕಷ್ಟ. ಒಬ್ಬರಿಂದ ಒಬ್ಬರಿಗೆ ಅಂಟುವುದಂತೂ ಇಲ್ಲವೇ ಇಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಚಿನ್ನುವನ್ನು ತಲೆಯಿಂದ ಕಾಲಿನವರೆಗೆ ತಪಾಸಿಸಿದರು. ಎಲ್ಲ ಮೂಳೆಗಳ ಎಕ್ಸ್‌ರೇ, ರಕ್ತ, ಹೊಟ್ಟೆಯ ಸ್ಕ್ಯಾನು. ಅಲ್ಲಿನ ಡಾಕ್ಟರು ಅಜ್ಜಿಯನ್ನೇ ಕೇಳಿದ ಪ್ರಶ್ನೆ ಒಂದಿತ್ತು: ‘ರಾತ್ರಿ ಎದ್ದು ಎದ್ದು ನೀರು ಕೇಳ್ತಾಳಾ? ಹಾಸಿಗೆ ಒದ್ದೆ ಮಾಡ್ಕೋತಾಳಾ?’ ಹ್ಯಾಂಡ್ ಕಂಡ ಹುಡುಗನ ಬಾಯಾರಿಕೆ ಇದೇ. ಕಾಯಿಲೆ ಪಿಟ್ಯುಟರಿಗೆ ತಗುಲಿದರೆ, ಮೈಯಲ್ಲಿ ನೀರು ಹಿಡಿದಿಡುವ ಹಾರ್ಮೋನು ಕಡಿಮೆಯಾಗುತ್ತದೆ. ಕುಡಿದದ್ದೆಲ್ಲ ಹೊರಗೆ, ಮತ್ತೆ ಬಾಯಾರಿಕೆ. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಅಜ್ಜಿ ಯೋಚಿಸಿ, ‘ಇಲ್ಲ, ಮಲಗಿದರೆ ಬೆಳಿಗ್ಗೇನೇ ಏಳೋದು’ ಎಂದರು. ಪುಣ್ಯಕ್ಕೆ ಕಿವಿಯ ಮೂಳೆ, ನೆತ್ತಿಯ ಚರ್ಮ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಚಿಕಿತ್ಸೆ ಒಂದು ವರ್ಷ. ಮೊದಲ ಆರು ವಾರ, ವಾರಕ್ಕೊಂದು ಇಂಜೆಕ್ಷನ್, ಜೊತೆಗೆ ಸ್ಟಿರಾಯ್ಡ್ ಮಾತ್ರೆ. ಆಮೇಲೆ ಮೂರು ವಾರಕ್ಕೊಮ್ಮೆ. ಅಪ್ಪ ಕಾಫಿ ತೋಟದಲ್ಲಿ ರೈಟರು, ಅವರಿಗೆ ಅಷ್ಟು ರಜೆ ಎಲ್ಲಿಂದ ಬರಬೇಕು? ಅಮ್ಮ, ಅಜ್ಜಿ ಸರದಿಯ ಮೇಲೆ ರಾತ್ರಿ ಬಸ್ಸು ಹತ್ತಿದರು. ಮಾತ್ರೆಯಿಂದ ಚಿನ್ನುವಿನ ಕೆನ್ನೆ ಬನ್ನಿನ ಹಾಗೆ ಉಬ್ಬಿತು, ಹಸಿವೋ ಹಸಿವು, ಬೆಳಿಗ್ಗೆ ದೋಸೆ ಕಲ್ಲು ಇಳಿಸಲು ಬಿಡುತ್ತಿರಲಿಲ್ಲ. ಇಂಜೆಕ್ಷನ್ನಿನಿಂದ ಬಿಳಿ ರಕ್ತಕಣ ಕಡಿಮೆಯಾಗುವುದರಿಂದ ಮದುವೆ ಮನೆ, ಜಾತ್ರೆ ಎಲ್ಲ ಬಂದ್. ಆ ವರ್ಷ ಊರ ತೇರನ್ನು ಮಹಡಿ ಮೇಲಿನಿಂದ ನೋಡಿದಳು.

ಆ ಇಂಜೆಕ್ಷನ್ನಿನ ಹೆಸರು ವಿನ್‌ಬ್ಲಾಸ್ಟಿನ್. ಅದು ಎಲ್ಲಿಂದ ಬರುತ್ತದೆ ಗೊತ್ತೇ? ನಿಮ್ಮ ಮನೆಯ ಅಂಗಳ ನೋಡಿ. ನೀರು ಹಾಕದಿದ್ದರೂ ವರ್ಷವಿಡೀ ಹೂ ಬಿಡುವ, ಐದು ಎಸಳಿನ ಗುಲಾಬಿ ಅಥವಾ ಬಿಳಿ ಹೂವಿನ ಗಿಡ ಇರಬಹುದು. ನಿತ್ಯಪುಷ್ಪ. ಕೆಲವರು ಕಾಶಿಕಣಗಿಲೆ ಎನ್ನುತ್ತಾರೆ. ಮಡಗಾಸ್ಕರ್ ದ್ವೀಪದ ಗಿಡ, ಈಗ ಎಲ್ಲೆಲ್ಲೂ ಇದೆ.

ಇದು ಔಷಧಿಯಾದ ಕಥೆ ಒಂದು ನಾಣ್ಯದಿಂದ ಶುರು. 1921ರ ಬೇಸಿಗೆ, ಕೆನಡಾದ ಟೊರಾಂಟೊ. ಫ್ರೆಡರಿಕ್ ಬ್ಯಾಂಟಿಂಗ್ ಎಂಬ ವೈದ್ಯ ಸಕ್ಕರೆ ಕಾಯಿಲೆಗೆ ಮದ್ದು ಹುಡುಕುತ್ತಿದ್ದ. ಸಹಾಯಕ್ಕೆ ಇಬ್ಬರು ವಿದ್ಯಾರ್ಥಿಗಳಿದ್ದರು, ಚಾರ್ಲ್ಸ್ ಬೆಸ್ಟ್ ಮತ್ತು ಕ್ಲಾರ್ಕ್ ನೋಬಲ್. ಯಾರು ಮೊದಲು ಹೋಗಬೇಕೆಂದು ನಾಣ್ಯ ಚಿಮ್ಮಿದರು. ಬೆಸ್ಟ್ ಗೆದ್ದ, ಬ್ಯಾಂಟಿಂಗ್ ಜೊತೆ ಇನ್ಸುಲಿನ್ ಕಂಡುಹಿಡಿದ, ಲೋಕಪ್ರಸಿದ್ಧನಾದ. ನೋಬಲ್ ಸೋತ, ಡಾಕ್ಟರಾಗಿ ತನ್ನ ಪಾಡಿಗೆ ಇದ್ದ.

1952ರಲ್ಲಿ ಆ ನೋಬಲ್‌ಗೆ ಜಮೈಕಾದಿಂದ ಒಂದು ಲಕೋಟೆ ಬಂತು. ಒಳಗೆ ನಿತ್ಯಪುಷ್ಪದ ಒಣ ಎಲೆ. ಅಲ್ಲಿನ ಜನ ಇದರ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಾರೆ, ಪರೀಕ್ಷಿಸಿ ನೋಡಿ ಎಂಬ ಮಾತು. ಆತ ಅದನ್ನು ಸಂಶೋಧಕನಾಗಿದ್ದ ತಮ್ಮ ರಾಬರ್ಟ್‌ಗೆ ಕಳಿಸಿದ. ರಾಬರ್ಟ್ ಇಲಿಗಳಿಗೆ ಕೊಟ್ಟು ನೋಡಿದ. ಸಕ್ಕರೆ ಇಳಿಯಲಿಲ್ಲ. ಬದಲಿಗೆ ಬಿಳಿ ರಕ್ತಕಣ ಇಳಿದುಬಿಟ್ಟಿತು. ಬೇರೆಯವರಾದರೆ ‘ಪ್ರಯೋಜನವಿಲ್ಲ’ ಎಂದು ಎಲೆ ಬಿಸಾಡುತ್ತಿದ್ದರೋ ಏನೋ. ಬಿಳಿ ಕಣ ಇಳಿಸುವ ವಸ್ತು, ಆ ಕಣಗಳು ಅತಿಯಾದ ಕಾಯಿಲೆಗೆ ಮದ್ದಾಗಬಹುದಲ್ಲ ಎಂದು ಅವನಿಗೆ ಹೊಳೆಯಿತು. ಚಾರ್ಲ್ಸ್ ಬೀರ್ ಎಂಬ ರಸಾಯನ ವಿಜ್ಞಾನಿಯ ಜೊತೆ ಸೇರಿ 1958ರಲ್ಲಿ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದ.

ಇನ್ನೊಂದು ತಮಾಷೆ ಕೇಳಿ. ಇನ್ಸುಲಿನ್ ಹುಟ್ಟುವುದು ಮೇದೋಜೀರಕ ಗ್ರಂಥಿಯ ಪುಟ್ಟ ಪುಟ್ಟ ದ್ವೀಪಗಳಲ್ಲಿ. ಅವನ್ನು 1869ರಲ್ಲಿ ಮೊದಲು ವರ್ಣಿಸಿದವನು ಬರ್ಲಿನ್ನಿನ ಪಾಲ್ ಲ್ಯಾಂಗರ್‌ಹಾನ್ಸ್. ಹೌದು, ಅದೇ ಲ್ಯಾಂಗರ್‌ಹಾನ್ಸ್! ಅದರ ಹಿಂದಿನ ವರ್ಷವಷ್ಟೇ ಅವನು ಚರ್ಮದ ತುಣುಕಿಗೆ ಚಿನ್ನದ ಲವಣದ ಬಣ್ಣ ಹಾಕಿ, ಕವಲುಕವಲಾದ ಆ ಕಾವಲುಗಾರ ಕೋಶಗಳನ್ನು ಕಂಡಿದ್ದ. ಆಗಿನ್ನೂ ಕಾಲೇಜು ಹುಡುಗ. ಅವು ನರದ ಕೋಶಗಳೆಂದು ತಿಳಿದಿದ್ದ, ಅದು ತಪ್ಪು. ದ್ವೀಪಗಳ ಕೆಲಸವೇನೆಂದೂ ಅವನಿಗೆ ತಿಳಿಯಲಿಲ್ಲ. ಮುಂದೆ ಕ್ಷಯ ತಗುಲಿ, ಮಡೈರಾ ದ್ವೀಪಕ್ಕೆ ಹೋಗಿ ಕಡಲ ಹುಳುಗಳ ಬಗ್ಗೆ ಬರೆಯುತ್ತ, 1888ರಲ್ಲಿ 40ನೇ ವಯಸ್ಸಿಗೆ ತೀರಿಕೊಂಡ. ತನ್ನ ಹೆಸರಿನ ಕಾಯಿಲೆ ಒಂದಿರುತ್ತದೆ, ಅದಕ್ಕೆ ನಾಣ್ಯದಲ್ಲಿ ಸೋತವನ ತಮ್ಮ ಹೂಗಿಡದಿಂದ ಮದ್ದು ತೆಗೆಯುತ್ತಾನೆ ಎಂದು ಅವನಿಗೆ ಯಾರು ಹೇಳಬೇಕು?

ನಡುವೆ ಅಜ್ಜಂದಿರಿಗೆ ಒಂದು ಮಾತು. ಸಕ್ಕರೆ ಕಾಯಿಲೆಗೆಂದು ಬೆಳಗಾಗೆದ್ದು ನಿತ್ಯಪುಷ್ಪದ ಎಲೆ ಅಗಿಯುವವರು ನಮ್ಮಲ್ಲೂ ಇದ್ದಾರೆ. ದಯವಿಟ್ಟು ಬೇಡ. ಆ ಎಲೆಯಲ್ಲಿ ವಿಷದ ಗುಣವುಳ್ಳ ಅನೇಕ ವಸ್ತುಗಳಿವೆ. ಆಸ್ಪತ್ರೆಯಲ್ಲಿ ಒಂದನ್ನೇ ಬೇರ್ಪಡಿಸಿ, ಅಳೆದು, ರಕ್ತ ಪರೀಕ್ಷೆ ಮಾಡಿ ಕೊಡುತ್ತಾರೆ. ಅಂಗಳದಲ್ಲಿ ಯಾರು ಅಳೆಯುತ್ತಾರೆ? ಮಕ್ಕಳೇ, ನೀವೂ ಅದನ್ನು ಬಾಯಿಗಿಡಬೇಡಿ. ಹೂ ಕೊಯ್ದು ದೇವರಿಗೆ ಏರಿಸಿ, ಕೈ ತೊಳೆಯಿರಿ.

ಈಗ ಕಾಗದ ಬರೆದ ಅಜ್ಜಿಗೆ, ಅವರಂಥ ಎಲ್ಲರಿಗೆ. ಮೊಮ್ಮಗನಿಗೆ ಈ ಕಾಯಿಲೆ ಇದೆ ಎಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಬಂದು ಮಳೆ ಮುಗಿದ ಮೇಲೆ ಒಣಗುವ ಕಿವಿ ಬೇರೆ. ಔಷಧಿ ಹಾಕಿಯೂ ಎರಡು ವಾರ ದಾಟಿ ಸೋರುತ್ತಿದ್ದರೆ ಕಿವಿ ತಜ್ಞರಿಗೆ ತೋರಿಸಬೇಕು. ಅವರ ಹತ್ತಿರ ಒಳಗೆ ಒರೆಸಿ ನೋಡುವ ಸಲಕರಣೆ ಇರುತ್ತದೆ. ಎಷ್ಟೋ ಸಲ ಸಿಗುವುದು ಮಗು ತಾನೇ ತುರುಕಿಕೊಂಡ ಹುಣಸೆಬೀಜ, ಪೆನ್ಸಿಲ್ಲಿನ ರಬ್ಬರು. ಕೆಲವು ಸಲ ಚರ್ಮ ಒಳಮುಖವಾಗಿ ಬೆಳೆದು ಮೂಳೆ ಕೊರೆಯುತ್ತಿರುತ್ತದೆ, ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು. ಎಲ್‌ಸಿಎಚ್ ಸಿಗುವುದು ತೀರಾ ಅಪರೂಪಕ್ಕೆ. ಕಿವಿಯ ಹಿಂದೆ ಊತ ಬಂದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಮಗು ನಡೆಯುವಾಗ ಓಲಾಡಿದರೆ ವಾರಗಳ ಲೆಕ್ಕ ಬೇಡ, ಅವತ್ತೇ ಹೋಗಿ. ನೆತ್ತಿಯ ಹಟಮಾರಿ ಹೊಟ್ಟು, ರಾತ್ರಿಯ ಬಾಯಾರಿಕೆ, ಇಂಥವು ಕಿವಿಗೆ ಸಂಬಂಧವಿಲ್ಲದ್ದು ಅನ್ನಿಸಿದರೂ ಡಾಕ್ಟರ ಕಿವಿಗೆ ಹಾಕಿ. ಅವರು ಅವಸರದಲ್ಲಿದ್ದರೆ, ಚಿನ್ನುವಿನ ಅಜ್ಜಿಯ ಹಾಗೆ ಮೇಜಿನ ಮೇಲೆ ಕ್ಯಾಲೆಂಡರ್ ಬಿಡಿಸಿ. ಮೂರು ತಿಂಗಳ ಚುಕ್ಕೆಗಳ ಎದುರು ಯಾವ ಡಾಕ್ಟರೂ ‘ಸರಿಹೋಗುತ್ತೆ’ ಎನ್ನಲಾರ.

ಇಂಜೆಕ್ಷನ್ ಶುರುವಾದ ಐದನೇ ವಾರಕ್ಕೆ ಕಿವಿ ಹಿಂದಿನ ಊತ ಇಳಿಯಿತು. ಎರಡು ತಿಂಗಳಿಗೆ ಚುಕ್ಕೆಗಳು ನಿಂತವು. ಆ ಕ್ಯಾಲೆಂಡರನ್ನು ನನಗೆ ಕೊಟ್ಟುಬಿಡಿ, ಹೊಸ ಡಾಕ್ಟರುಗಳಿಗೆ ತೋರಿಸುತ್ತೇನೆ ಎಂದು ಕೇಳಿದೆ. ಅಜ್ಜಿ ಒಪ್ಪಲಿಲ್ಲ. ‘ಅಯ್ಯೋ, ಹಾಲಿನವನ ಬಾಕಿ ಅದರಲ್ಲಿದೆ’ ಎಂದರು.

ಈ ಕಾಯಿಲೆ ಮರಳಿ ಬರುವುದೂ ಉಂಟು, ಅದಕ್ಕೇ ವರ್ಷಗಟ್ಟಲೆ ನೋಡುತ್ತಿರಬೇಕು. ಚಿನ್ನುವಿಗೆ ಮರಳಲಿಲ್ಲ. ಎಡಗಿವಿಯ ಆ ಪುಟ್ಟ ಮೂಳೆಗಳಿಗೆ ಪೆಟ್ಟಾಗಿದ್ದರಿಂದ ಆ ಕಡೆ ಸ್ವಲ್ಪ ಮಂದ. ತರಗತಿಯಲ್ಲಿ ಬಲಗಿವಿ ಮೇಡಂ ಕಡೆಗಿರುವ ಹಾಗೆ ಕೂರುತ್ತಾಳಂತೆ. ನಾನು ಮೂರು ತಿಂಗಳು ಮೊದಲೇ ಕಳಿಸಿದ್ದರೆ ಅಷ್ಟೂ ಉಳಿಯುತ್ತಿತ್ತೋ ಏನೋ. ಅವಳ ಅಜ್ಜಿ ಒಂದು ದಿನವೂ ಆ ಮಾತು ಎತ್ತಿಲ್ಲ.

ಹೋದ ತಿಂಗಳು ಮನೆಗೆ ಬಂದಿದ್ದಳು. ಈಗ ಒಂಬತ್ತನೇ ಕ್ಲಾಸು, ಉದ್ದ ಜಡೆ. ಅಭ್ಯಾಸಬಲ, ಅವಳ ಹಿಂದೆ ನಿಂತು ಬಲಗಿವಿಗೆ ಪಿಸುಗುಟ್ಟಿದೆ, ‘ಯಾವ ಬಸ್ಸಿಗೆ ಬಂದೆ?’ ತಟ್ಟನೆ ಹೇಳಿದಳು. ಎಡಗಿವಿಗೆ ಪಿಸುಗುಟ್ಟಿದೆ, 'ಅಜ್ಜಿ ಹೇಗಿದ್ದಾರೆ?'

‘ಏನಂದ್ರಿ?’

ಸ್ವಲ್ಪ ಜೋರಾಗಿ ಕೇಳಿದೆ.

‘ಚೆನ್ನಾಗಿದ್ದಾರೆ’ ಎಂದು ನಕ್ಕಳು. ‘ಈಗ ತಾತನ ಬಿ.ಪಿ. ಮಾತ್ರೆಗೆ ಚುಕ್ಕೆ ಇಡ್ತಿದಾರೆ. ತಾತ ಎರಡು ದಿನ ತಪ್ಪಿಸಿ ಸಿಕ್ಕಿಹಾಕಿಕೊಂಡ್ರು.’